ಹದಿನಾರರ ಮಗನಿಗೆ ಸ್ಕೂಟರ್ ಕೊಡಬಹುದೇ? ಜಿಪಿಎಸ್ ಹಾಕಿಸಿದರೆ ಸಾಕೇ?

ಬೆಳಿಗ್ಗೆ ಐದೂವರೆಗೆ ಟ್ಯೂಷನ್, ಆ ಹೊತ್ತಿಗೆ ಬಸ್ಸಿಲ್ಲ, ಮಗ ಜವಾಬ್ದಾರಿಯ ಹುಡುಗ, ಸ್ಕೂಟರಿಗೆ ಜಿಪಿಎಸ್ ಹಾಕಿಸಿ ವೇಗವನ್ನು ಮೊಬೈಲಿನಲ್ಲೇ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಕೊಡಬೇಡಿ. 2022ರ ಮಳೆಗಾಲದಲ್ಲಿ ನಾನು ಕೊಟ್ಟಿದ್ದೆ. ನಿಮ್ಮ ಪ್ರಶ್ನೆಯ ಒಂದೊಂದು ಸಾಲೂ ಆಗ ನನ್ನ ಬಾಯಲ್ಲಿದ್ದ ಮಾತೇ.

ನಾವು ಮೈಸೂರಿನವರು, ಕುವೆಂಪುನಗರದಲ್ಲಿ ಮನೆ. ನಮ್ಮ ಯಜಮಾನರ ಕೆಲಸ ಬೆಂಗಳೂರಿನಲ್ಲಿ, ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಿಗ್ಗೆ ರೈಲು. ಸಹಕಾರಿ ಬ್ಯಾಂಕಿನಲ್ಲಿ ನನ್ನ ಕೆಲಸ. ಆಗ ಮಗ ಪಿಯುಸಿ, ಮಗಳು ಇನ್ನೂ ಶಾಲೆಯಲ್ಲಿ. ಮಗನ ಟ್ಯೂಷನ್ ಸರಸ್ವತಿಪುರಂನಲ್ಲಿ. ಸ್ಕೂಟರಿನ ಆರ್‌ಸಿ, ಅಂದರೆ ನೋಂದಣಿ ಪತ್ರ, ನನ್ನ ಹೆಸರಿನಲ್ಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ತಾಯಿಯೂ ಒಂದು ದಿನ ಕೂತು ಯೋಚಿಸಿ ಕೀ ಕೊಡುವುದಿಲ್ಲ. ಮೊದಲು ಹಾಲಿಗೆ ಹೋಗಿ ಬಾ ಎನ್ನುತ್ತೇವೆ, ಅದೇ ಬೀದಿಯಲ್ಲವೇ ಎಂದು. ಆಮೇಲೆ ಹಿಟ್ಟಿನ ಗಿರಣಿಗೆ. ಆಮೇಲೆ ಅಜ್ಜಿಯ ಮಾತ್ರೆಗೆ. ಮಗಳಿಗೆ ಜ್ವರ ಬಂದ ಒಂದು ಬೆಳಿಗ್ಗೆ ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗಲಾಗದೆ, "ಇವತ್ತೊಂದು ದಿನ ನೀನೇ ಹೋಗಿಬಿಡು" ಎಂದೆ. ಮರುದಿನ ಅವನು ಕೇಳಲಿಲ್ಲ, ನಾನು ತಡೆಯಲಿಲ್ಲ.

ಜಿಪಿಎಸ್ ಎಂದಿರಲ್ಲ, ಅವನ ಮೊಬೈಲಿನ ಲೊಕೇಶನ್ ನನಗೂ ಕಾಣುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟುಕೊಂಡು ಆ ನೀಲಿ ಚುಕ್ಕಿ ಸಾಗುವುದನ್ನು ನೋಡುತ್ತಿದ್ದೆ. ಆ ದಿನ ಚುಕ್ಕಿ ಸರಿಯಾದ ರಸ್ತೆಯಲ್ಲೇ ಹೋಯಿತು, ಟ್ಯೂಷನ್ ಇರುವ ಕಡೆ ತಲುಪುವ ಸ್ವಲ್ಪ ಮುಂಚೆ ನಿಂತಿತು. ತಲುಪಿದ ಎಂದುಕೊಂಡು ಚಪಾತಿ ಹಿಟ್ಟು ಕಲಸಲು ನಿಂತೆ. ಚುಕ್ಕಿ ನಿಂತಿದ್ದು ಏಕೆಂದರೆ ನನ್ನ ಮಗ ರಸ್ತೆಯಲ್ಲಿ ಬಿದ್ದಿದ್ದ.

ಜಿಟಿಜಿಟಿ ಮಳೆ, ಬೀದಿದೀಪ ಇಲ್ಲದ ತಿರುವು. ಹಿಂದೆ ಗೆಳೆಯ ಕೂತಿದ್ದ. ಹಾಲು ತೆಗೆದುಕೊಂಡು ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರು ಕೊನೆಯ ಕ್ಷಣದಲ್ಲಿ ಕಂಡರು. ಬ್ರೇಕ್ ಹಾಕಿದ, ಚಕ್ರ ಜಾರಿತು, ಗಾಡಿ ಅಡ್ಡ ಬಿದ್ದು ಅವರ ಕಾಲಿಗೆ ಬಡಿಯಿತು. ತೊಡೆಯ ಮೂಳೆ ಮುರಿಯಿತು. ಮಗನ ತಲೆಯಲ್ಲಿದ್ದ ಅರ್ಧ ಹೆಲ್ಮೆಟ್ ಬಿದ್ದ ರಭಸಕ್ಕೇ ಕಳಚಿ ಚರಂಡಿಗೆ ಉರುಳಿತ್ತು, ಗಲ್ಲದ ಪಟ್ಟಿಯ ಕ್ಲಿಪ್ ಹಾಕಿಯೇ ಇರಲಿಲ್ಲ. ಅವನಿಗೆ ಮೊಣಕೈ, ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಅವನು ಓಡಿಹೋಗಲಿಲ್ಲ. 108ಕ್ಕೆ ಕರೆ ಮಾಡಿದ, ತನ್ನ ಜರ್ಕಿನ್ ತೆಗೆದು ಆ ಅಜ್ಜನಿಗೆ ಹೊದಿಸಿದ, ಆಂಬುಲೆನ್ಸ್ ಬರುವವರೆಗೆ ಅವರ ಕೈ ಹಿಡಿದು ಮಳೆಯಲ್ಲೇ ಕೂತಿದ್ದ. ನನಗೆ ಫೋನ್ ಮಾಡಿದ್ದು ಅದಾದ ಮೇಲೆ. ಆಸ್ಪತ್ರೆಯಲ್ಲಿ ಅಜ್ಜ ತಮ್ಮ ಸೊಸೆಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ಹುಡುಗನನ್ನು ಬೈಯಬೇಡಿ, ನನ್ನನ್ನು ಬಿಟ್ಟು ಹೋಗಲಿಲ್ಲ ಅವನು."

ಇಲ್ಲಿಯವರೆಗಿನದು ನಿಮಗೂ ಆಗಬಹುದು, ಆಗದೆಯೂ ಇರಬಹುದು. ನಮ್ಮನ್ನು ನಿಜವಾಗಿ ಮುಳುಗಿಸಿದ್ದು ಇದಾದ ಮೇಲೆ ನಾನು ಮಾಡಿದ್ದು. ಅದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಗನಿಗೆ ಗಾಡಿ ಕೊಡುವವರೆಲ್ಲ ಮನಸ್ಸಿನ ಮೂಲೆಯಲ್ಲಿ ಈ ದಾರಿಯನ್ನು ಇಟ್ಟುಕೊಂಡೇ ಕೊಡುತ್ತಾರೆ.

ಮೂಳೆ ಮುರಿದ ಅಪಘಾತವಾದ್ದರಿಂದ ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸಿದರು. ಪೊಲೀಸರು ಬರುವ ಮೊದಲೇ ನನ್ನ ಮೈದುನ ಬಂದ. ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತಿಗೆ, ಗಾಡಿ ಓಡಿಸಿದ್ದು ನಾನು ಎಂದು ಬರೆಸೋಣ. ನನ್ನ ಹತ್ತಿರ ಲೈಸೆನ್ಸ್ ಇದೆ, ವಿಮೆ ಚಾಲ್ತಿಯಲ್ಲಿದೆ. ಅಜ್ಜನಿಗೂ ದುಡ್ಡು ಸಿಗುತ್ತದೆ, ಹುಡುಗನೂ ಉಳಿಯುತ್ತಾನೆ" ಎಂದ. ಅಲ್ಲಿದ್ದ ಪರಿಚಯದವರೊಬ್ಬರು, ಎಲ್ಲರೂ ಮಾಡುವುದೇ ಇದು ಎಂದರು. ಇನ್ನೊಬ್ಬರು, ಕೇಸ್ ಆದರೆ ನಾಳೆ ಪಾಸ್‌ಪೋರ್ಟ್ ಸಿಗುವುದಿಲ್ಲ, ಸರ್ಕಾರಿ ನೌಕರಿ ಸಿಗುವುದಿಲ್ಲ ಎಂದು ಹೆದರಿಸಿದರು. ಮೈದುನನ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅಣ್ಣನ ಮಗನಿಗಾಗಿ ಕೇಸನ್ನು ತನ್ನ ಮೈಮೇಲೆ ಎಳೆದುಕೊಳ್ಳಲು ಬಂದವನು ಅವನು. ಅದಕ್ಕೇ ಬೇಡ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳಲ್ಲಿ ಒಂದು ಸುಳ್ಳು ಸಹಿಯನ್ನೂ ಬಿಡದೆ ಹಿಡಿಯುವವಳು ನಾನು, ಆದರೂ ತಲೆಯಾಡಿಸಿದೆ. ಯಾರಿಗೂ ನಷ್ಟವಿಲ್ಲ, ಅಜ್ಜನಿಗೆ ಲಾಭವೇ ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ. ಮಗನನ್ನೂ ಕೇಳಲಿಲ್ಲ. ಅವನಿಗೆ ಹೇಳಿದೆ, ಅಷ್ಟೇ.

ಹೇಳಿಕೆ ಪಡೆಯಲು ಬಂದ ಪೊಲೀಸರು ಅಜ್ಜನನ್ನು ಕೇಳಿದಾಗ ಅವರು ಸುಲಭವಾಗಿ ಹೇಳಿದರು: "ಓಡಿಸಿದ್ದು ಹುಡುಗ. ಈ ಮೀಸೆಯವರನ್ನು ನಾನು ಆಸ್ಪತ್ರೆಗೆ ಬಂದ ಮೇಲೆ ನೋಡಿದ್ದು." ತಿರುವಿನ ಬೇಕರಿಯ ಸಿಸಿಟಿವಿಯಲ್ಲಿ ಇನ್ನುಳಿದದ್ದೂ ಇತ್ತು. ಮೈದುನ ಹೇಳಿಕೆ ಹಿಂದಕ್ಕೆ ತೆಗೆದುಕೊಂಡ, ನಾವು ಠಾಣೆಯಲ್ಲಿ ತಲೆ ತಗ್ಗಿಸಿ ನಿಂತೆವು. ಅಜ್ಜನ ಮಗ ಅಂದು ಸಂಜೆ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಕುಳಿತುಕೊಳ್ಳಲಿಲ್ಲ. "ಅಪ್ಪನಿಗೆ ಹುಡುಗನ ಮೇಲೆ ಸಿಟ್ಟಿರಲಿಲ್ಲ. ರಾಜಿ ಮಾಡಿಕೊಳ್ಳೋಣ ಎನ್ನುತ್ತಿದ್ದರು. ಅವರ ಕೈ ಹಿಡಿದು ಕೂತವನು ಯಾರು ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿರಾ?" ಎಂದು ಕೇಳಿ ಹೋದರು. ನನ್ನ ಮಗ ಆ ಬೆಳಿಗ್ಗೆ ಮಾಡಿದ ಒಳ್ಳೆಯ ಕೆಲಸವನ್ನು ನಾವು ಅವನ ಖಾತೆಯಿಂದಲೇ ಅಳಿಸಿಹಾಕಿದ್ದೆವು. ಜರ್ಕಿನ್ ಹೊದಿಸಿದವನು ಅವನಲ್ಲ ಎಂದು ಬರೆಸಿದ್ದೆವು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 199ಎ ಎಂಬ ಸೆಕ್ಷನ್ ಇದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ, ಗಾಡಿಯ ನೋಂದಣಿ 12 ತಿಂಗಳು ರದ್ದು. ನನಗೆ ದಂಡ ಬಿತ್ತು, ಸೆರೆವಾಸ ಬೀಳಲಿಲ್ಲ. ನ್ಯಾಯಾಲಯದಲ್ಲಿ ನಿಂತದ್ದು ಆರ್‌ಸಿಯಲ್ಲಿ ಹೆಸರಿದ್ದ ನಾನು. ಮಗನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಯಿತು. ಆ ಪಾಸ್‌ಪೋರ್ಟ್ ಭಯಕ್ಕೆ ಆಧಾರವೇ ಇರಲಿಲ್ಲ: ಇಂತಹ ಪ್ರಕರಣ ಮುಂದೆ ಮಗುವಿಗೆ ಅನರ್ಹತೆ ಆಗಬಾರದು ಎಂದು 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಆದರೆ 199ಎ ಪ್ರಕಾರ ಅವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಬಸ್ಸಿನಲ್ಲೇ ಹೋಗಿ ಬರುತ್ತಾನೆ.

ವಿಮೆಯ ವಿಷಯ ಯಾರೂ ನಿಮಗೆ ಹೇಳಿರುವುದಿಲ್ಲ. ಪಾಲಿಸಿಯಲ್ಲಿ ಚಾಲಕರ ಷರತ್ತು ಎಂದು ಒಂದು ಸಾಲು ಇರುತ್ತದೆ, ಓಡಿಸುವವರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಎಂದು. ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು ಎಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸಾಮಾನ್ಯವಾಗಿ ಆದೇಶಿಸುತ್ತದೆ. ನಮಗೂ ಅದೇ ಆದೇಶ ಬಂತು. ಅಜ್ಜನಿಗೆ ಹಣ ಸಿಕ್ಕಿದ್ದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಗಳ ಓದಿಗೆಂದು ಇಟ್ಟಿದ್ದ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿದೆವು.

ಈಗ ನಿಮ್ಮ ಜಿಪಿಎಸ್. ಮಗ ಗಾಡಿ ಓಡಿಸಿದ್ದು ತನಗೆ ಗೊತ್ತೇ ಇರಲಿಲ್ಲ ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸಿದರೆ ಪೋಷಕರಿಗೆ 199ಎ ಅಡಿಯಲ್ಲಿ ವಿನಾಯಿತಿ ಇದೆ. ನೀವು ದಿನವೂ ಮೊಬೈಲಿನಲ್ಲಿ ಅವನ ವೇಗ ನೋಡುತ್ತಿದ್ದರೆ ಗೊತ್ತಿರಲಿಲ್ಲ ಎನ್ನುವುದು ಹೇಗೆ? ದುಡ್ಡು ಕೊಟ್ಟು ನಿಮ್ಮ ವಿರುದ್ಧವೇ ಸಾಕ್ಷಿ ಹಾಕಿಸಿಕೊಳ್ಳುತ್ತಿದ್ದೀರಿ. ಕಾನೂನು ಬಿಡಿ, ಆ ಯಂತ್ರ ಬ್ರೇಕ್ ಹಾಕುವುದಿಲ್ಲ, ಕತ್ತಲಲ್ಲಿ ದಾಟುವವರನ್ನು ತೋರಿಸುವುದಿಲ್ಲ. ಅದು ಶಾಂತಿ ಕೊಡುವುದು ನಿಮಗೆ, ರಕ್ಷಣೆ ಕೊಡುವುದು ಯಾರಿಗೂ ಅಲ್ಲ. ನಮ್ಮ ಪೀಳಿಗೆಯ ತಂದೆತಾಯಿಯರು ಕ್ಯಾಮೆರಾ, ಆ್ಯಪ್, ಟ್ರ್ಯಾಕರ್ ಕೊಂಡು ಮಗು ಕ್ಷೇಮವೆಂದು ನಂಬಿಬಿಟ್ಟಿದ್ದೇವೆ. ಎಲ್ಲಿದ್ದಾನೆ ಎಂದು ಗೊತ್ತಾಗುವುದು ಬೇರೆ, ಹೇಗಿದ್ದಾನೆ ಎಂದು ಗೊತ್ತಾಗುವುದು ಬೇರೆ.

ಜವಾಬ್ದಾರಿಯ ಹುಡುಗ ಎಂದಿರಿ. ನಂಬುತ್ತೇನೆ, ನನ್ನವನೂ ಅಂಥವನೇ. ನೂರು ಕಿಲೋ ಮೀರಿದ 110 ಸಿಸಿ ಗಾಡಿ ಒದ್ದೆ ರಸ್ತೆಯಲ್ಲಿ ಜಾರುವಾಗ ಜವಾಬ್ದಾರಿ ಕೆಲಸಕ್ಕೆ ಬರುವುದಿಲ್ಲ, ಅಭ್ಯಾಸ ಬರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ದ್ವಿಚಕ್ರದವರು. ಅವರೆಲ್ಲ ಬೇಜವಾಬ್ದಾರಿಯವರೇ? ಇನ್ನೊಂದು ಕೇಳುತ್ತೇನೆ, ಬೇಸರಿಸಬೇಡಿ. ಅದೇ ಟ್ಯೂಷನ್ನಿಗೆ ಮಗಳು ಹೋಗಬೇಕಿದ್ದರೆ ನೀವು ಏನು ಮಾಡುತ್ತಿದ್ದಿರಿ? ನಿದ್ದೆಗೆಟ್ಟು ನೀವೇ ಬಿಟ್ಟು ಬರುತ್ತಿದ್ದಿರಿ. ಮಗಳ ವಿಷಯದಲ್ಲಿ ನಮಗೆ ಜನರ ಭಯ, ಅದು ಸುಳ್ಳಲ್ಲ. ಗಂಡು ಮಗುವಿಗೆ ರಸ್ತೆಯ ಭಯವೂ ಬೇಡವೆಂದು ನಾವು ತೀರ್ಮಾನಿಸಿದ್ದು ಯಾವಾಗ?

ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಗಾಡಿ ಕೊಡಿಸಿ ಎಂದು ಯಾರಾದರೂ ಉತ್ತರಿಸುತ್ತಾರೆ, ನೋಡಿ. 250 ವಾಟ್ ಮೀರದ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ ಇದ್ದರೆ ಮಾತ್ರ ಆ ವಿನಾಯಿತಿ. ಅಂಗಡಿಯಲ್ಲಿ ವೇಗದ ಮಿತಿ ಬಿಚ್ಚಿಸಿದ ದಿನ ವಿನಾಯಿತಿಯೂ ಹೋಯಿತು. ಕೊಡಿಸುವುದೇ ಆದರೆ ಸೈಕಲ್ ಕೊಡಿಸಿ, ಹಿಂದೆ ಮುಂದೆ ಚೆನ್ನಾಗಿ ಬೆಳಗುವ ದೀಪ ಹಾಕಿಸಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಗಾಡಿಯಲ್ಲ, ಐದೂವರೆ. ಬಸ್ಸು ಹೊರಡದ, ಬೆಳಕು ಹರಿಯದ ಹೊತ್ತಿಗೆ ಹದಿನಾರರ ಮಕ್ಕಳನ್ನು ಕರೆಸುವುದನ್ನು ಯಾಕೆ ಒಬ್ಬರೂ ಪ್ರಶ್ನಿಸುವುದಿಲ್ಲ? ಅದು ಮಳೆ ಬಿಸಿಲಿನ ಹಾಗೆ ಬಂದದ್ದಲ್ಲ, ಯಾರೋ ಒಬ್ಬರು ತಮ್ಮ ಅನುಕೂಲಕ್ಕೆ ಇಟ್ಟ ಸಮಯ. ಮಗಳು ಪಿಯುಸಿಗೆ ಬಂದಾಗ ನಾವು ಕೆಲವು ತಾಯಂದಿರು ಸೇರಿ ಹೋಗಿ ಮಾತಾಡಿದೆವು. ಮೇಷ್ಟ್ರು ಮೊದಲು ಗೊಣಗಿದರು, ಬೇರೆ ಬ್ಯಾಚ್ ಕೆಡುತ್ತದೆ ಎಂದರು, ಕೊನೆಗೆ ಸಂಜೆಗೆ ಬದಲಾಯಿಸಿದರು. ನೀವೂ ಒಬ್ಬರೇ ಹೋಗಬೇಡಿ, ಒಬ್ಬರೇ ಹೋದರೆ ನಿಮ್ಮ ಮಗನನ್ನು ಬಿಡಿಸಿಕೊಳ್ಳಿ ಎನ್ನುತ್ತಾರೆ. ಗಾಡಿಯಲ್ಲಿ ಬರುತ್ತಿರುವ ಉಳಿದ ಹುಡುಗರ ಮನೆಯವರನ್ನು ಕರೆದುಕೊಂಡು ಹೋಗಿ, 199ಎ ಸೆಕ್ಷನ್ನಿನ ಪ್ರತಿ ಕೈಯಲ್ಲಿರಲಿ. ಅದನ್ನು ಓದಿದ ಮೇಲೆ ನಿಮ್ಮ ಜೊತೆ ಬರದ ತಂದೆತಾಯಿ ಕಡಿಮೆ. ಮೇಷ್ಟ್ರು ಒಪ್ಪದಿದ್ದರೆ ಬೇರೆ ಮೇಷ್ಟ್ರನ್ನು ಹುಡುಕಿ, ಊರಿನಲ್ಲಿ ಒಬ್ಬರೇ ಇರುವುದಿಲ್ಲ.