ಹಡಗು ದಾರಿ ಬದಲಿಸಿದರೆ ತಿಮಿಂಗಿಲ ಉಳಿಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ತಿಮಿಂಗಿಲದ್ದೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ತಿಮಿಂಗಿಲ ಮೀನಾ ಅಂತ ಕೇಳಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲ. ಮರಿ ಹಾಕಿ ಹಾಲು ಕುಡಿಸುತ್ತದೆ, ಉಸಿರಾಡೋಕೆ ಮೇಲೆ ಬರುತ್ತದೆ. ಈ ಮೇಲೆ ಬರೋದೇ ಅದರ ಕಷ್ಟಕ್ಕೆಲ್ಲ ಮೂಲ, ಮುಂದೆ ಓದಿ.

ತಿಮಿಂಗಿಲ ಬೇಟೆ ನಿಷೇಧ ಆಗಿ ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಯಾಕೆ ಅಳಿವಿನ ಅಂಚಿನಲ್ಲಿವೆ ಅನ್ನುತ್ತಾರೆ?
ದಾವಣಗೆರೆಯ ಓದುಗರು

ಬೇಟೆ ಪೂರ್ತಿ ನಿಂತಿಲ್ಲ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರಕ್ಕಾಗಿ ಬೇಟೆ ಆಡೋದನ್ನ ನಿಲ್ಲಿಸಬೇಕು ಅಂತ 1982ರಲ್ಲಿ ತೀರ್ಮಾನಿಸಿತು, 1986ರ ಹೊತ್ತಿಗೆ ಅದು ಜಾರಿಗೆ ಬಂತು. ನಾರ್ವೆ ಒಪ್ಪಲಿಲ್ಲ. ಜಪಾನ್ 2019ರಲ್ಲಿ ಆಯೋಗವನ್ನೇ ಬಿಟ್ಟು ಹೋಯಿತು. ಆದರೂ ಮೊದಲಿನ ಕಾಲಕ್ಕೆ ಹೋಲಿಸಿದರೆ ಇದು ಏನೂ ಅಲ್ಲ ಅನ್ನಬೇಕು. ಅಂಟಾರ್ಕ್ಟಿಕಾ ಸುತ್ತಮುತ್ತ ಕಳೆದ ಶತಮಾನದ ಮೊದಲ ಎಪ್ಪತ್ತು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ನೀಲಿ ತಿಮಿಂಗಿಲಗಳನ್ನು ಕೊಂದರು. 1970ರ ದಶಕದ ಶುರುವಿಗೆ ಅಲ್ಲಿ ಉಳಿದಿದ್ದು ಕೆಲವು ನೂರು ಅಷ್ಟೇ. ಹೆಣ್ಣು ತಿಮಿಂಗಿಲ ಹೆರೋದು ಎರಡು ಮೂರು ವರ್ಷಕ್ಕೊಂದು ಮರಿ. ಆ ನಷ್ಟ ಬೇಗ ತುಂಬುತ್ತಾ?

ಕೆಲವು ಕಡೆ ಚೇತರಿಸಿಕೊಂಡಿವೆ, ಅದನ್ನೂ ಹೇಳಬೇಕು. ಆಸ್ಟ್ರೇಲಿಯಾ ಕಡೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಸಂಖ್ಯೆ ಚೆನ್ನಾಗಿ ಏರಿದೆ. ಆದರೆ ಅಮೆರಿಕ ಮತ್ತು ಕೆನಡಾದ ಪೂರ್ವ ಕರಾವಳಿಯ ರೈಟ್ ತಿಮಿಂಗಿಲಗಳು ನಾನೂರೂ ಇಲ್ಲ. 2017ರ ಒಂದೇ ವರ್ಷದಲ್ಲಿ ಅವುಗಳಲ್ಲಿ 17 ಸತ್ತವು. ಈಟಿಯಿಂದ ಹೊಡೆದು ಕೊಂದಿದ್ದಲ್ಲ. ಹಡಗು ಬಡಿದು, ಏಡಿ ಹಿಡಿಯುವ ಬೋನಿನ ಹಗ್ಗ ಸುತ್ತಿಕೊಂಡು ಸಾಯುವುದೇ ಅಲ್ಲಿ ಹೆಚ್ಚು. ಬೇಟೆಗಾರನಿಗಾದರೆ ಬೇಡ ಅನ್ನಬಹುದು. ಹಡಗಿಗೆ, ಹಗ್ಗಕ್ಕೆ ತಿಮಿಂಗಿಲ ಬೇಕಾಗೇ ಇಲ್ಲ, ಅದೇ ಈಗಿನ ತಲೆನೋವು.

ನಮ್ಮ ಸಮುದ್ರದಲ್ಲಿ ತಿಮಿಂಗಿಲ ಇದೆಯಾ, ಅಥವಾ ಎಲ್ಲಿಂದಲೋ ದಾರಿ ತಪ್ಪಿ ಬರುತ್ತಾ?
ಕಾರವಾರದ ಓದುಗರು

ದಾರಿ ತಪ್ಪಿ ಬರೋದಲ್ಲ, ಇಲ್ಲಿನವೇ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಥೆ ಕೇಳಿ, ಇದು ಸ್ವಲ್ಪ ಉದ್ದ.

ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ಧ್ರುವದ ಕಡೆ ಹೋಗಿ ಹೊಟ್ಟೆ ತುಂಬಾ ತಿಂದು, ಚಳಿಗಾಲಕ್ಕೆ ಬೆಚ್ಚಗಿನ ನೀರಿಗೆ ಬಂದು ಮರಿ ಹಾಕುತ್ತವೆ. ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಓಡಾಟ. ನಮ್ಮವು ಹಾಗೆ ಹೋಗೋದಿಲ್ಲ, ಯಾಕೆಂದರೆ ಊಟ ಇಲ್ಲೇ ಸಿಗುತ್ತದೆ. ನೈಋತ್ಯ ಮುಂಗಾರಿನ ಗಾಳಿ ಒಮಾನ್ ಕರಾವಳಿಯ ಮೇಲ್ಪದರದ ನೀರನ್ನು ಆಚೆಗೆ ತಳ್ಳುತ್ತದೆ, ಅದರ ಜಾಗಕ್ಕೆ ಆಳದ ತಣ್ಣನೆ ನೀರು ಪೋಷಕಾಂಶ ಹೊತ್ತುಕೊಂಡು ಮೇಲೆ ಬರುತ್ತದೆ, ಪ್ಲವಕ (ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು) ಬೆಳೆಯುತ್ತದೆ, ಅದನ್ನು ತಿನ್ನೋಕೆ ಸಣ್ಣ ಮೀನು ಸೇರುತ್ತವೆ, ಮೀನಿನ ಹಿಂದೆ ತಿಮಿಂಗಿಲ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗೂ ಇದೇ ಮಳೆಗಾಲದ ಏರುನೀರೇ ಆಧಾರ. ಅಂದರೆ ನಾವೂ ಅವೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿದ್ದೇವೆ.

ಇವು ಇಲ್ಲೇ ಇರುತ್ತವೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಕೊಂದವರ ಪುಸ್ತಕದಿಂದಲೇ. 1965-66ರಲ್ಲಿ ಸೋವಿಯತ್ ಹಡಗುಗಳು ಕಾನೂನು ಮೀರಿ ಅರಬ್ಬಿ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಒಮಾನ್, ಪಾಕಿಸ್ತಾನ, ವಾಯವ್ಯ ಭಾರತದ ಆಚೆಯ ನೀರಿನಲ್ಲಿ. ಹಡಗಿನಲ್ಲಿದ್ದ ಜೀವಶಾಸ್ತ್ರಜ್ಞರು ಹೊಟ್ಟೆ ಸೀಳಿ ಒಳಗೇನಿದೆ ನೋಡಿದರು, ಗರ್ಭದಲ್ಲಿದ್ದ ಮರಿಗಳ ಉದ್ದ ಅಳೆದು ಬರೆದಿಟ್ಟರು. ಆ ಲೆಕ್ಕ ಮೂವತ್ತು ವರ್ಷ ಹೊರಗೆ ಬರಲಿಲ್ಲ. ಯೂರಿ ಮಿಖಲೇವ್ ಅನ್ನುವ ವಿಜ್ಞಾನಿ 1997ರಲ್ಲಿ ಅದನ್ನು ಪ್ರಕಟಿಸಿದಾಗ ಗೊತ್ತಾಗಿದ್ದೇನು ಅಂದರೆ, ಮರಿಗಳ ಅಳತೆ ಉತ್ತರ ಗೋಳದ ಹೆರಿಗೆ ಕಾಲಕ್ಕೆ ಹೊಂದುತ್ತಿತ್ತು, ಹೊಟ್ಟೆಯಲ್ಲಿ ಊಟವೂ ಇತ್ತು. ದಕ್ಷಿಣದಿಂದ ಬಂದ ಅತಿಥಿಗಳಾಗಿದ್ದರೆ ಈ ಎರಡೂ ಹೊಂದುತ್ತಿರಲಿಲ್ಲ. ಆಮೇಲೆ ವಂಶವಾಹಿ ಪರೀಕ್ಷೆಯೂ ಅದನ್ನೇ ಹೇಳಿತು. ಇವು ಉಳಿದ ಹಂಪ್‌ಬ್ಯಾಕ್‌ಗಳಿಂದ ಬೇರೆಯಾಗಿ ಸುಮಾರು 70 ಸಾವಿರ ವರ್ಷ ಆಗಿದೆಯಂತೆ.

ಈಗ ಎಷ್ಟಿವೆ? ಬಾಲದ ಅಡಿಭಾಗದ ಕಪ್ಪು ಬಿಳುಪು ಗುರುತು ಪ್ರತಿಯೊಂದಕ್ಕೂ ಬೇರೆ ಬೇರೆ, ಅದರ ಫೋಟೋ ಇಟ್ಟುಕೊಂಡು ಎಣಿಸುತ್ತಾರೆ. ಒಮಾನ್ ಕಡೆ ಹಾಗೆ ಮಾಡಿದ ಅಂದಾಜು 82. ಎಂಬತ್ತೆರಡೇ, ಸೊನ್ನೆ ಬಿಟ್ಟುಹೋಗಿಲ್ಲ! ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಲುಬಾನ್ ಅನ್ನುವ ಹೆಣ್ಣು 2017ರ ಕೊನೆಯಲ್ಲಿ ಸಮುದ್ರ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಗೋವಾದ ಗ್ರಾಂಡೆ ದ್ವೀಪದ ಹತ್ತಿರ ನೀರೊಳಗೆ ಇಟ್ಟ ರೆಕಾರ್ಡರ್‌ನಲ್ಲಿ ಹಂಪ್‌ಬ್ಯಾಕ್‌ಗಳ ಹಾಡೂ ಸಿಕ್ಕಿದೆ. ನಿಮ್ಮ ಕಾರವಾರಕ್ಕೆ ಅದೆಷ್ಟು ದೂರ ಹೇಳಿ.

ಅಷ್ಟು ದೊಡ್ಡ ಪ್ರಾಣಿ ಹಡಗಿನವರಿಗೆ ಕಾಣಲ್ವಾ? ತಪ್ಪಿಸಿಕೊಂಡು ಹೋಗಬಹುದಲ್ಲ?
ಮೈಸೂರಿನ ಓದುಗರು

ಕಾಣಲ್ಲ. ತಿಮಿಂಗಿಲದ ಮೈ ಮುಕ್ಕಾಲು ಪಾಲು ನೀರಿನ ಅಡಿಗೇ ಇರುತ್ತದೆ, ರಾತ್ರಿಯಾದರೆ ಕೇಳೋದೇ ಬೇಡ. ಕಂಡರೂ ಕಂಟೇನರ್ ಹಡಗಿಗೆ ಬ್ರೇಕ್ ಹಾಕಿದ ಕೂಡಲೇ ನಿಲ್ಲೋಕಾಗಲ್ಲ, ನಿಲ್ಲೋಕೆ ಕಿಲೋಮೀಟರ್‌ಗಟ್ಟಲೆ ಬೇಕು. ಇನ್ನು ತಿಮಿಂಗಿಲ ಯಾಕೆ ಪಕ್ಕಕ್ಕೆ ಸರಿಯಲ್ಲ ಅಂದರೆ, ಇಷ್ಟು ದೊಡ್ಡದು ಇಷ್ಟು ಜೋರಾಗಿ ಮೈಮೇಲೆ ಬರೋದನ್ನ ಅದರ ವಂಶ ಯಾವತ್ತೂ ಕಂಡಿರಲಿಲ್ಲ, ಓಡಬೇಕು ಅನ್ನೋ ಅಭ್ಯಾಸವೇ ಇಲ್ಲ.

ಹಾಗಾಗಿ ಇರೋ ಮದ್ದು ಎರಡೇ. ನಿಧಾನ ಹೋಗು, ಇಲ್ಲಾ ಬೇರೆ ದಾರಿ ಹಿಡಿ. ಅಮೆರಿಕದ ಪೂರ್ವ ಕರಾವಳಿಯ ಕೆಲವು ಕಡೆ, ವರ್ಷದ ಕೆಲವು ತಿಂಗಳು, 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ಮೀರಬಾರದು ಅಂತ 2008ರಿಂದ ನಿಯಮ ಇದೆ. ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್, ನಮ್ಮೂರ ಟ್ರಾಫಿಕ್‌ನಲ್ಲಿ ಆಟೋ ಹೋಗೋ ವೇಗ. ಕೆನಡಾ 2003ರಲ್ಲಿ ಫಂಡಿ ಕೊಲ್ಲಿಯ ಹಡಗು ದಾರಿಯನ್ನೇ ಸರಿಸಿತು.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. ಅದರ ದಕ್ಷಿಣ ತುದಿಯ ದೊಂಡ್ರಾ ಹತ್ತಿರ ಆಳ ಸಮುದ್ರ ದಡಕ್ಕೆ ತುಂಬಾ ಸಮೀಪ ಬರುತ್ತದೆ, ನೀಲಿ ತಿಮಿಂಗಿಲಗಳು ಅಲ್ಲಿ ಮೇಯುತ್ತವೆ. ಸೂಯೆಜ್‌ನಿಂದ ಸಿಂಗಪುರಕ್ಕೆ ಹೋಗೋ ಹಡಗುಗಳ ದಾರಿ ಸರಿಯಾಗಿ ಅದರ ಮೇಲೇ. ದಾರಿಯನ್ನು 15 ನಾಟಿಕಲ್ ಮೈಲಿ, ಅಂದರೆ ಸುಮಾರು 28 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ಶೇ. 95ರಷ್ಟು ತಗ್ಗುತ್ತದೆ ಅಂತ ಅಲ್ಲಿ ಲೆಕ್ಕ ಹಾಕಿದ್ದಾರೆ. 2022ರಲ್ಲಿ ಎಂಎಸ್‌ಸಿ ಅನ್ನುವ ದೊಡ್ಡ ಹಡಗು ಕಂಪನಿ ತನ್ನ ಹಡಗುಗಳನ್ನು ತಾನಾಗೇ ದಕ್ಷಿಣಕ್ಕೆ ಸರಿಸಿತು. ಒಂದು ಕಂಪನಿ ಮಾಡಿದ್ದು ಉಳಿದವರಿಗೆ ಯಾಕಾಗಲ್ಲ ಅನ್ನೋದೇ ನನ್ನ ಪ್ರಶ್ನೆ. ತುಸು ಇಂಧನ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ ತಾನೆ.

ದೂರ ಹೋದರೆ ಸದ್ದೂ ಕಡಿಮೆಯಾಗುತ್ತದೆ, ಅದು ಸಣ್ಣ ವಿಷಯ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಫಂಡಿ ಕೊಲ್ಲಿಯಲ್ಲಿ ಹಡಗು ಓಡಾಟ ತಗ್ಗಿತ್ತು. ಆ ದಿನಗಳಲ್ಲಿ ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಪರೀಕ್ಷೆ ಮಾಡಿದವರಿಗೆ ಒತ್ತಡದ ಹಾರ್ಮೋನ್ ಕಡಿಮೆ ಕಂಡಿತು. ಸದ್ದು ಅವಕ್ಕೆ ಸುಮ್ನೆ ಕಿರಿಕಿರಿ ಅಲ್ಲ, ಮೈಗೇ ಏಟು.

ಸರ್, ಬಲೆಗೆ ತಿಮಿಂಗಿಲದಂಥದ್ದು ಬಿದ್ದರೆ ಬಲೆ ಕತ್ತರಿಸಿ ಅನ್ನುತ್ತೀರಿ. ಬಲೆಯ ದುಡ್ಡು ಯಾರು ಕೊಡ್ತಾರೆ?
ಮಲ್ಪೆಯ ಓದುಗರು

ಸರಿಯಾದ ಪ್ರಶ್ನೆ. ಸಂರಕ್ಷಣೆ ಬಗ್ಗೆ ಭಾಷಣ ಮಾಡೋರು ಇದಕ್ಕೆ ಮಾತ್ರ ಉತ್ತರ ಕೊಡಲ್ಲ. ಬಲೆ ಅಂದರೆ ಲಕ್ಷಗಳ ಮಾತು, ಸಾಲ ತೀರಿರೋದಿಲ್ಲ, ಬೋಟಿನ ಡೀಸೆಲ್ ಬೇರೆ.

ದಾರಿ ಇಲ್ಲ ಅಂತಲ್ಲ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ (ಅದು ಮೀನು, ಹೆಸರಿಗೆ ಮಾತ್ರ ತಿಮಿಂಗಿಲ) ಹಿಡಿದು ಮಾರುತ್ತಿದ್ದವರೇ ಆಮೇಲೆ ಬಲೆ ಕತ್ತರಿಸಿ ಬಿಡುವ ಹಾಗಾದರು. 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಊರೂರು ಹೇಳಿದ್ದೂ ಕೆಲಸ ಮಾಡಿತು, ಹರಿದ ಬಲೆಗೆ ಪರಿಹಾರ ಕೊಟ್ಟಿದ್ದೂ ಕೆಲಸ ಮಾಡಿತು. ಮಹಾರಾಷ್ಟ್ರದಲ್ಲಿ ಸಂರಕ್ಷಿತ ಜೀವಿಯನ್ನು ಬಿಡಿಸಿ ಕಳಿಸಿದರೆ 25 ಸಾವಿರ ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ಇದೆ, ಫೋಟೋ ಅಥವಾ ವಿಡಿಯೋ ತೋರಿಸಬೇಕು. ನಿಮ್ಮ ಮೀನುಗಾರರ ಸಂಘದವರು ಇದೇ ಉದಾಹರಣೆ ಹಿಡಿದುಕೊಂಡು ಮೀನುಗಾರಿಕೆ ಇಲಾಖೆಗೆ ಹೋಗಿ ಕೂರಬೇಕು. ಒಮಾನ್‌ನ ಹಂಪ್‌ಬ್ಯಾಕ್‌ಗಳಲ್ಲಿ ಕಡೇಪಕ್ಷ ಮೂರರಲ್ಲಿ ಒಂದರ ಬಾಲದ ಬುಡದಲ್ಲಿ ಹಗ್ಗ, ಬಲೆಯ ಗಾಯದ ಗುರುತಿದೆ. ಬಲೆಯವರ ಜೇಬು ನೋಡದೆ ಇದು ಬಗೆಹರಿಯಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಸಿಕ್ಕಿಹಾಕಿಕೊಂಡ ತಿಮಿಂಗಿಲ ಬಿಡಿಸೋಕೆ ನೀರಿಗೆ ಹಾರಬೇಡಿ. ಕೆನಡಾದಲ್ಲಿ 2017ರ ಜುಲೈನಲ್ಲಿ, ಈ ಕೆಲಸದಲ್ಲಿ ಪಳಗಿದ್ದ ಮೀನುಗಾರರೊಬ್ಬರು ಕೊನೆಯ ಹಗ್ಗ ಕತ್ತರಿಸಿದ ಮರುಕ್ಷಣ ಅದೇ ತಿಮಿಂಗಿಲದ ಏಟಿಗೆ ಸತ್ತರು. ಅವರು ಬೋಟಿನಲ್ಲೇ ಇದ್ದರು. ದೂರದಲ್ಲೇ ನಿಂತು ನಿಮ್ಮ ಕಡೆಯ ಹಗ್ಗ ಕತ್ತರಿಸಿ, ಜಾಗದ ಗುರುತು ಹಾಕಿಕೊಂಡು ಕೋಸ್ಟ್ ಗಾರ್ಡ್‌ಗೆ ತಿಳಿಸಿ.

ತಿಮಿಂಗಿಲ ಜಾಸ್ತಿಯಾದರೆ ನಮಗೆ ಮೀನು ಕಡಿಮೆ ಆಗಲ್ವಾ?
ಹಾಸನದ ವಿದ್ಯಾರ್ಥಿನಿ

ಹಾಗೆ ಅನ್ನಿಸೋದು ಸಹಜ ಪುಟ್ಟಾ. ಆದರೆ ಅಂಟಾರ್ಕ್ಟಿಕಾದಲ್ಲಿ ತಿಮಿಂಗಿಲ ಖಾಲಿಯಾದ ಮೇಲೆ ಅವು ತಿನ್ನುತ್ತಿದ್ದ ಕ್ರಿಲ್ ಸೀಗಡಿ ರಾಶಿ ರಾಶಿ ಆಗಬೇಕಿತ್ತಲ್ಲ, ಆಗಲಿಲ್ಲ. ತಿಮಿಂಗಿಲದ ಮಲದಲ್ಲಿ ಕಬ್ಬಿಣದ ಅಂಶ ಬಹಳ. ಅದು ನೀರಿನ ಮೇಲ್ಭಾಗದಲ್ಲೇ ಹರಡಿ ಪ್ಲವಕಕ್ಕೆ ಗೊಬ್ಬರ ಆಗುತ್ತದೆ. ಮೀನು ಕಡಿಮೆಯಾಗಿದ್ದಕ್ಕೆ ಕಾರಣ ಹುಡುಕೋದಾದರೆ ಮೊದಲು ದಕ್ಕೆಯಲ್ಲಿ ನಿಂತಿರೋ ಬೋಟು ಎಣಿಸು.

ಬೀಚಿನಲ್ಲಿ ತಿಮಿಂಗಿಲದ ವಾಂತಿ ಸಿಕ್ಕರೆ ಕೋಟಿ ಬರುತ್ತಂತೆ, ವಾಟ್ಸಾಪ್‌ನಲ್ಲಿ ನೋಡಿದೆ. ನಿಜವಾ?
ಶಿವಮೊಗ್ಗದ ಓದುಗರು

ಬರೋದು ಪೊಲೀಸರು. ಜನ ವಾಂತಿ ಅನ್ನೋ ಈ ಅಂಬರ್‌ಗ್ರಿಸ್ ಹುಟ್ಟೋದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. ಆ ತಿಮಿಂಗಿಲ ನಮ್ಮ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹಾಗಾಗಿ ಅಂಬರ್‌ಗ್ರಿಸ್ ಇಟ್ಟುಕೊಳ್ಳೋದೂ ತಪ್ಪು, ಮಾರೋದೂ ತಪ್ಪು. ಮೂರರಿಂದ ಏಳು ವರ್ಷ ಜೈಲು. ಬೆಂಗಳೂರಿನಲ್ಲೇ ಇದನ್ನು ಮಾರೋಕೆ ಹೋಗಿ ಸಿಕ್ಕಿಬಿದ್ದವರಿದ್ದಾರೆ. ಅದೂ ಅಲ್ಲದೆ, ಬೀಚಿನಲ್ಲಿ ಸಿಗೋ ಮೇಣದಂಥ ಉಂಡೆ ಬಹುಪಾಲು ಬರೀ ಮೇಣವೋ ಕೊಬ್ಬೋ ಆಗಿರುತ್ತದೆ. ನಿಜವಾದದ್ದೇ ಇರಬಹುದು ಅನ್ನಿಸಿದರೆ ಅರಣ್ಯ ಇಲಾಖೆಯವರನ್ನು ಕರೆಸಿ ಒಪ್ಪಿಸಿ, ಒಂದು ರಸೀದಿ ತಗೊಳ್ಳಿ.