ಸಂಪಾದಕರ ಉತ್ತರ: ಎವೇಲಿಯೊ ಹಾವಿಯೆರ್ ಚುನಾವಣೆಗೆ ನಿಂತದ್ದು ತಪ್ಪೇ?

ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಅವರನ್ನು ಕೆಳಗಿಳಿಸಿದ 1986ರ ಜನಕ್ರಾಂತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: 'ಮಾಜಿ ಗವರ್ನರ್ ಎವೇಲಿಯೊ ಹಾವಿಯೆರ್ ಕೊಲೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಾರ್ಕೋಸ್ ನಡೆಸುವ ಚುನಾವಣೆ ನಾಟಕವೆಂದು ಗೊತ್ತಿದ್ದೂ ಅದಕ್ಕೆ ನಿಂತು, ಅವರು ಸರ್ವಾಧಿಕಾರಿಗೆ ಮಾನ್ಯತೆ ಕೊಟ್ಟಂತಾಗಲಿಲ್ಲವೆ? ಬಹಿಷ್ಕರಿಸಿದ್ದರೆ ಜೀವವಾದರೂ ಉಳಿಯುತ್ತಿತ್ತು.'

ಒಂದೇ ಸಾಲು ಸಾಲದು, ನಿಜ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಾವಿಯೆರ್ ಅವರ ಆಂಟೀಕೆ ಪ್ರಾಂತ್ಯ ಫಿಲಿಪ್ಪೀನ್ಸಿನ ಪನಾಯ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿದೆ. ಬೆನ್ನಿಗೆ ಬೆಟ್ಟಸಾಲು, ಎದುರಿಗೆ ಸಮುದ್ರ. ಜನರಾಡುವುದು ಕಿನರಾಯಾ ಭಾಷೆ. 1942ರಲ್ಲಿ ಅಲ್ಲಿ ಹುಟ್ಟಿದ ಹಾವಿಯೆರ್ ಮನಿಲಾದ ಅಟೆನಿಯೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. 1971ರ ಚುನಾವಣೆಯಲ್ಲಿ ಗವರ್ನರ್ ಆದಾಗ 29 ವರ್ಷ. ದೇಶದಲ್ಲೇ ಅತಿ ಕಿರಿಯ ಗವರ್ನರ್. ಮರುವರ್ಷವೇ ಮಾರ್ಕೋಸ್ ಸೇನಾ ಕಾನೂನು ಹೇರಿದರು. ಆ ಉಸಿರುಗಟ್ಟಿದ ಕಾಲದಲ್ಲೇ, 1974ರಲ್ಲಿ, ಹಾವಿಯೆರ್ ಬಿನಿರಾಯನ್ ಉತ್ಸವ ಆರಂಭಿಸಿದರು. ಬೋರ್ನಿಯೊದಿಂದ ದೋಣಿಗಳಲ್ಲಿ ಬಂದಿಳಿದ ಪೂರ್ವಜರ ಐತಿಹ್ಯವನ್ನು ಜನ ತಾವೇ ಆಡಿ ತೋರಿಸುವ ಹಬ್ಬ ಅದು. 1980ರಲ್ಲಿ ಹುದ್ದೆ ಬಿಟ್ಟು, ಹಾರ್ವರ್ಡಿನಲ್ಲಿ ಸಾರ್ವಜನಿಕ ಆಡಳಿತ ಓದಿ, ಮತ್ತೆ ಊರಿಗೆ ಬಂದರು.

1984ರ ಸಂಸತ್ ಚುನಾವಣೆ ಬಂದಾಗ ನಿಮ್ಮ ವಾದವನ್ನೇ ಹೂಡಿ ವಿರೋಧಪಕ್ಷಗಳ ಹಲವು ಹಿರಿಯರು ಹಿಂದೆ ಸರಿದರು. ಅವರು ಹೇಡಿಗಳಲ್ಲ, ಜೈಲು ಕಂಡವರೂ ಅವರಲ್ಲಿದ್ದರು. ಆದರೆ ಮನಿಲಾದಲ್ಲಿ ಬಹಿಷ್ಕಾರವೆಂದರೆ ಮೆರವಣಿಗೆ, ಪತ್ರಿಕಾ ಹೇಳಿಕೆ. ದೂರದ ಆಂಟೀಕೆಯಲ್ಲಿ ಅದರ ಅರ್ಥ, ಆಳುವ ಪಕ್ಷದ ಅರ್ತುರೊ ಪಸಿಫಿಕಾಡೊರ್ ಅವರಿಗೆ ಎದುರಾಳಿಯೇ ಇಲ್ಲದಂತಾಗುವುದು. ಹಾವಿಯೆರ್ ನಿಂತರು. ಮತದಾನದ ಹಿಂದಿನ ದಿನ, ಮೇ 13ರಂದು, ಅವರ ಹಲವು ಬೆಂಬಲಿಗರನ್ನು ಹೊಂಚುಹಾಕಿ ಕೊಲ್ಲಲಾಯಿತು. ಗೆದ್ದವರು ಪಸಿಫಿಕಾಡೊರ್ ಎಂದು ಚುನಾವಣಾ ಆಯೋಗ ಘೋಷಿಸಿತು.

ಅಲ್ಲಿಂದ ಮುಂದಿನದೇ ನನಗೆ ಮುಖ್ಯ. ಹಾವಿಯೆರ್ ಬಂದೂಕು ಹಿಡಿಯಲಿಲ್ಲ, ಕೈಚೆಲ್ಲಿಯೂ ಕೂರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. ಸಂಸತ್ ಸದಸ್ಯರ ಆಯ್ಕೆಯ ತಕರಾರನ್ನು ಆಯೋಗದ ಪೂರ್ಣ ಪೀಠವೇ ಕೇಳಬೇಕೆಂದು ಸಂವಿಧಾನ ಹೇಳುತ್ತಿತ್ತು. ಇಲ್ಲಿ ತೀರ್ಮಾನ ಕೊಟ್ಟದ್ದು ಒಂದು ಉಪವಿಭಾಗ. ಅದರಲ್ಲಿದ್ದ ಒಬ್ಬ ಆಯುಕ್ತರು ಹಿಂದೆ ಪಸಿಫಿಕಾಡೊರ್ ಜೊತೆ ಪಾಲುದಾರಿಕೆಯಲ್ಲಿ ವಕೀಲಿ ಮಾಡಿದ್ದವರು. ಹಿಂದೆ ಸರಿಯಿರಿ ಎಂದು ಹಾವಿಯೆರ್ ಕೇಳಿದರೂ ಅವರು ಸರಿಯಲಿಲ್ಲ.

ಪ್ರಕರಣ ಇತ್ಯರ್ಥವಾಗುವ ಮೊದಲೇ 1986ರ ಫೆಬ್ರುವರಿ 7ರ ಅಧ್ಯಕ್ಷೀಯ ಚುನಾವಣೆ ಬಂತು. ಆಂಟೀಕೆಯಲ್ಲಿ, ಮಾರ್ಕೋಸ್ ವಿರುದ್ಧ ನಿಂತ ಕೊರಿ ಅಕಿನೊ ಅವರ ಪ್ರಚಾರದ ಹೊಣೆ ಹೊತ್ತವರು ಹಾವಿಯೆರ್. 11ರಂದು, ಮತ ಎಣಿಕೆ ನಡೆದಿದ್ದ ಹೊತ್ತಿನಲ್ಲಿ, ಸಾನ್ ಹೋಸೆ ಪಟ್ಟಣದಲ್ಲಿ ಪ್ರಾಂತೀಯ ಸರ್ಕಾರಿ ಕಚೇರಿಯ ಮುಂದಿನ ಚೌಕದಲ್ಲೇ ಮುಸುಕುಧಾರಿಗಳು ಅವರ ಮೇಲೆ ಗುಂಡು ಹಾರಿಸಿದರು. ಗಾಯಗೊಂಡು ಓಡಿದವರನ್ನು ಬೆನ್ನಟ್ಟಿ ಹಾಡಹಗಲೇ ಕೊಂದರು. ಆಗ ಅವರಿಗೆ 43 ವರ್ಷ. ಎರಡು ವಾರದೊಳಗೆ ಮಾರ್ಕೋಸ್ ದೇಶ ಬಿಟ್ಟು ಓಡಿದರು. ಆ ಸಾವಿಗೆ ಎದ್ದ ಆಕ್ರೋಶವೂ ಮನಿಲಾದ ಬೀದಿಗೆ ಜನರನ್ನು ತಂದ ಕಾರಣಗಳಲ್ಲಿ ಒಂದು.

ಸರ್ಕಾರ ಬದಲಾಯಿತು, ಹಳೆಯ ಸಂಸತ್ತು ರದ್ದಾಯಿತು, ಅರ್ಜಿದಾರರೇ ಇಲ್ಲ. ಇನ್ನು ಈ ಮೊಕದ್ದಮೆಗೆ ಅರ್ಥವಿಲ್ಲ, ವಜಾ ಮಾಡಿ ಎಂದು ಹೊಸ ಸರ್ಕಾರದ ವಕೀಲರೇ ಕೇಳಿದರು. ನ್ಯಾಯಮೂರ್ತಿ ಇಸಗಾನಿ ಕ್ರೂಸ್ ಒಪ್ಪಲಿಲ್ಲ. ಅರ್ಜಿದಾರರೂ ಸೇರಿ ಹಲವರ ಪ್ರಾಣ ಹೋಗಿರುವಾಗ ಇದನ್ನು ಅಷ್ಟು ಸರಳವಾಗಿ ಮುಗಿಸಲಾಗದು ಎಂಬುದು ಅವರ ನಿಲುವು. 1986ರ ಸೆಪ್ಟೆಂಬರ್ 22ರ ತೀರ್ಪು ಆಯೋಗದ ನಿರ್ಧಾರವನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿತು. ಹಾವಿಯೆರ್ ನಿಲ್ಲದೇ ಇದ್ದಿದ್ದರೆ, ಸೋತ ಮೇಲೆ ಅರ್ಜಿ ಹಾಕದೇ ಇದ್ದಿದ್ದರೆ, ಆ ಮೋಸ ಯಾವ ದಾಖಲೆಯಲ್ಲೂ ಮೋಸವೆಂದು ಸೇರುತ್ತಿರಲಿಲ್ಲ. ಇದು ಮಾನ್ಯತೆ ಕೊಟ್ಟದ್ದೆ, ಕಿತ್ತುಕೊಂಡದ್ದೆ?

ಜೀವ ಉಳಿಯುತ್ತಿತ್ತು ಎಂಬ ನಿಮ್ಮ ಮಾತು ಮಾತ್ರ ನನ್ನನ್ನೂ ಕಾಡುತ್ತದೆ, ಹಾವಿಯೆರ್ ಒಬ್ಬರ ಸಲುವಾಗಿಯಲ್ಲ. ಫೆಬ್ರುವರಿ 11 ಪನಾಯ್‌ನ ನಾಲ್ಕು ಪ್ರಾಂತ್ಯಗಳಲ್ಲಿ ಅವರ ಹೆಸರಿನ ದಿನ, ಸಾನ್ ಹೋಸೆಯ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಮೇ 13ರಂದು ಸತ್ತವರಿಗೆ ಆ ಪ್ರಸಿದ್ಧಿ ಸಿಗಲಿಲ್ಲ. ಹಾವಿಯೆರ್ ಕೊಲೆ ಪ್ರಕರಣದಲ್ಲಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದ ಪಸಿಫಿಕಾಡೊರ್ 1995ರಲ್ಲಿ ಶರಣಾದರು. 2004ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿ, ಅವರ ವಕೀಲರಾಗಿದ್ದವರನ್ನೂ ಇನ್ನು ಕೆಲವರನ್ನೂ ದೋಷಿಗಳೆಂದಿತು. ಕೊಲೆಗೂ ತೀರ್ಪಿಗೂ ನಡುವೆ 18 ವರ್ಷ ಕಳೆದಿದ್ದವು.