ನೆರಳು ಬೇಕೋ, ಬಿಸಿಲು ಬೇಕೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತುಕೊಂಡು ಓಡುವ ಗಾಡಿಗೆ ಅಮೆರಿಕದಲ್ಲಿ ಆರ್.ವಿ. ಎನ್ನುತ್ತಾರೆ. ಅಲ್ಲಿ ನೆಲೆಸಿರುವ ಓದುಗರೂ ಮಕ್ಕಳ ಮನೆಗೆ ಹೋಗಿಬರುವ ಹಿರಿಯರೂ ಈ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಮಗ ಈ ಬೇಸಿಗೆಯಲ್ಲಿ ಆರ್.ವಿ. ಬಾಡಿಗೆಗೆ ಹಿಡಿದು ನಮ್ಮನ್ನು ಯೆಲ್ಲೋಸ್ಟೋನ್ ತೋರಿಸಲು ಕರೆದೊಯ್ಯುತ್ತಾನಂತೆ. ಇದು ಮೊಬೈಲ್ ಬಂದ ಮೇಲಿನ ಶೋಕಿಯೋ, ಮೊದಲಿಂದಲೂ ಇತ್ತೋ? (ಶಿವಮೊಗ್ಗ)

ಶೋಕಿಯಂತೂ ಹೌದು, ಆದರೆ ನೂರು ವರ್ಷಕ್ಕೂ ಹಳೆಯದು. 1910ರಲ್ಲಿ ಪಿಯರ್ಸ್-ಆರೋ ಕಂಪನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 'ಟೂರಿಂಗ್ ಲ್ಯಾಂಡೋ' ಎಂಬ ಕಾರನ್ನು ಪ್ರದರ್ಶನಕ್ಕಿಟ್ಟಿತು. ಹಿಂದಿನ ಸೀಟು ಬಿಚ್ಚಿದರೆ ಹಾಸಿಗೆ, ಡ್ರೈವರ್ ಸೀಟಿನ ಬೆನ್ನಿಗೆ ಮಡಚಿಡುವ ಸಿಂಕು, ಶೌಚಕ್ಕೊಂದು ಪಾತ್ರೆ. ಅದು ಸಿರಿವಂತರ ಗಾಡಿ. ಸಾಮಾನ್ಯರು ಫೋರ್ಡ್ ಕಾರಿಗೆ ಟೆಂಟು ಕಟ್ಟಿಕೊಂಡು, ಡಬ್ಬಿಯ ಊಟ ಬಿಸಿ ಮಾಡಿಕೊಂಡು ಹೊರಟರು. ಅಂಥವರು 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಕಟ್ಟಿದ ಸಂಘದ ಹೆಸರೇ 'ಟಿನ್ ಕ್ಯಾನ್ ಟೂರಿಸ್ಟ್ಸ್'. 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ, ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರಿನಲ್ಲಿ ತನ್ನದೇ ನೀರಿನ ಟ್ಯಾಂಕು, ವಿದ್ಯುತ್ ದೀಪ ಇದ್ದವು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಇಂಥ ಗಾಡಿ ನಿಲ್ಲಿಸಿ ತಂಗುವ ಕೆ.ಒ.ಎ. ಕ್ಯಾಂಪ್‌ಗ್ರೌಂಡ್‌ಗಳ ಸರಣಿ ಶುರುವಾಯಿತು. 1966ರಲ್ಲಿ ಅಯೋವಾದ ವಿನ್ನೆಬೇಗೊ ಕಂಪನಿ ಎಂಜಿನ್ನೂ ಮನೆಯೂ ಒಂದೇ ಗಾಡಿಯಲ್ಲಿರುವ ಮೋಟಾರ್‌ಹೋಮ್ ತಯಾರಿಕೆಗೆ ಇಳಿದು ಬೆಲೆ ತಗ್ಗಿಸಿತು.

ಗಾಡಿಗಿಂತ ಹೆಚ್ಚು ಬದಲಾದದ್ದು ಪ್ರಯಾಣಿಕರು ಸಂಜೆ ಹೊತ್ತಿಗೆ ಏನನ್ನು ಹುಡುಕುತ್ತಾರೆ ಎಂಬುದು. ಮೊದಲ ತಲೆಮಾರು ಮಂಜುಗಡ್ಡೆ ಮಾರುವ ಅಂಗಡಿ ಹುಡುಕಿತು. ಗ್ಯಾಸ್ ಫ್ರಿಜ್ ಬಂದ ಮೇಲೆ ಸಮತಟ್ಟಾದ ನೆಲ ಹುಡುಕಬೇಕಾಯಿತು. ಈಗ ಲಿಥಿಯಂ ಬ್ಯಾಟರಿ, ಸೋಲಾರ್, ಉಪಗ್ರಹ ಇಂಟರ್ನೆಟ್ ಇದ್ದವರು ಬಯಲು ಆಕಾಶ ಹುಡುಕುತ್ತಾರೆ. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಹುಡುಕಾಟದ್ದೇ.

1990ರ ದಶಕದ ಹಳೇ ಟ್ರೇಲರ್ ಕೊಂಡಿದ್ದೇವೆ. ಗ್ಯಾಸಿನಿಂದ ಓಡುವ ಫ್ರಿಜ್ ಕೆಲವು ಜಾಗಗಳಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ, ಕೆಲವು ಕಡೆ ಹಾಲು ಒಡೆಯುತ್ತದೆ. ಬೆಂಕಿಯಿಂದ ತಂಪು ಹೇಗೆ ಬರುತ್ತದೆ ಎಂಬುದೇ ಅರ್ಥವಾಗಿಲ್ಲ. ಬದಲಿಸಬೇಕೆ? (ಡಲ್ಲಾಸ್)

ಬದಲಿಸುವ ಮೊದಲು ಒಂದು ರಸಮಟ್ಟ ತಂದು ಫ್ರೀಜರಿನ ತಳದಲ್ಲಿಟ್ಟು ನೋಡಿ. ಹಾಲು ಒಡೆದ ಜಾಗಗಳು ಇಳಿಜಾರಿನವೇ ಇರುವ ಸಂಭವ ಹೆಚ್ಚು.

ಈ ಫ್ರಿಜ್ಜಿನ ವಿಧಾನ ಸ್ವೀಡನ್ನಿನ ವಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದದ್ದು. ಕೊಳವೆಗಳೊಳಗೆ ಅಮೋನಿಯ, ನೀರು, ಹೈಡ್ರೋಜನ್ ಸೀಲಾಗಿರುತ್ತವೆ. ಕೆಳಗಿನ ಸಣ್ಣ ಉರಿ ನೀರಿನಲ್ಲಿ ಕರಗಿದ ಅಮೋನಿಯವನ್ನು ಕುದಿಸಿ ಆವಿ ಮಾಡುತ್ತದೆ. ಆವಿ ಮೇಲೇರಿ, ಹಿಂಬದಿಯ ತಗಡಿನ ರೆಕ್ಕೆಗಳಲ್ಲಿ ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ. ಆ ದ್ರವ ಪೆಟ್ಟಿಗೆಯ ಭಾಗಕ್ಕೆ ಇಳಿದು, ಹೈಡ್ರೋಜನ್ ಜೊತೆ ಬೆರೆತು ಮತ್ತೆ ಆವಿಯಾಗುತ್ತದೆ. ಆಗ ಅದಕ್ಕೆ ಬೇಕಾದ ಶಾಖವನ್ನು ನಿಮ್ಮ ಹಾಲು ಮೊಸರಿನಿಂದ ಎಳೆದುಕೊಳ್ಳುತ್ತದೆ. ಕೊನೆಗೆ ನೀರಿನಲ್ಲಿ ಕರಗಿ ಉರಿಯ ಬಳಿಗೇ ಮರಳುತ್ತದೆ. ಮೋಟಾರಿಲ್ಲ, ಪಂಪಿಲ್ಲ, ಸದ್ದೂ ಇಲ್ಲ. ದ್ರವವನ್ನು ಕೆಳಗೆ ಹರಿಸುವುದು ಗುರುತ್ವ ಮಾತ್ರ.

ಗಾಡಿ ವಾಲಿದರೆ ದ್ರವ ಎಲ್ಲೋ ಒಂದು ತಿರುವಿನಲ್ಲಿ ನಿಂತುಬಿಡುತ್ತದೆ. ಕೆಳಗೆ ಉರಿ ಉರಿಯುತ್ತಲೇ ಇರುತ್ತದೆ, ಕುದಿಯುವ ಕೊಳವೆ ಒಣಗಿ ಕಾಯುತ್ತದೆ. ತುಕ್ಕು ಹಿಡಿಯದಿರಲು ಸೇರಿಸಿದ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಈ ಹಾನಿ ಸರಿಹೋಗುವುದಿಲ್ಲ, ಪ್ರತಿ ಸಲ ಸ್ವಲ್ಪ ಸ್ವಲ್ಪವಾಗಿ ಸೇರುತ್ತ ಹೋಗುತ್ತದೆ. ಸಾಮಾನ್ಯವಾಗಿ ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿಯೊಳಗೆ ವಾಲು ಇರಬೇಕು. ಓಡುವಾಗ ಕುಲುಕಾಟದಿಂದ ದ್ರವ ಸರಿದಾಡುವುದರಿಂದ ತೊಂದರೆಯಿಲ್ಲ. ಅಪಾಯ ಇರುವುದು ನಿಂತಾಗ.

ಮೊದಲು ಅಕ್ಕಪಕ್ಕದ ಮಟ್ಟ ಸರಿಮಾಡಿ. ತಗ್ಗಿನ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ, ಚಕ್ರಕ್ಕೆ ಅಡೆ ಕೊಟ್ಟು, ಟ್ರೇಲರನ್ನು ಕಾರಿನಿಂದ ಬಿಚ್ಚಿ, ಮುಂದಿನ ಜ್ಯಾಕಿನಿಂದ ಹಿಂದೆಮುಂದೆ ಹೊಂದಿಸಿ. ಅಡೆ ಕೊಡದೆ ಬಿಚ್ಚಬೇಡಿ, ಟ್ರೇಲರ್ ಉರುಳಿ ಹೋಗುತ್ತದೆ. ಹೊರಡುವ ಹಿಂದಿನ ದಿನವೇ ಫ್ರಿಜ್ ಹಚ್ಚಿ, ಖಾಲಿ ಪೆಟ್ಟಿಗೆ ತಣ್ಣಗಾಗಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಹೊರಗೋಡೆಯ ಜಾಲರಿ ತೆಗೆದು ಜೇಡರ ಬಲೆ, ಕಣಜದ ಗೂಡು ಇದ್ದರೆ ಗುಡಿಸಿ. ಅಲ್ಲಿ ಹಳದಿ ಪುಡಿ ಕಂಡರೆ ಅಥವಾ ಮೂಗಿಗೆ ಹೊಡೆಯುವ ಅಮೋನಿಯದ ವಾಸನೆ ಬಂದರೆ ಕೊಳವೆ ಸೋರಿದೆ ಎಂದರ್ಥ. ತಕ್ಷಣ ಆರಿಸಿ, ಮತ್ತೆ ಹಚ್ಚಬೇಡಿ. ಒಳಗಿರುವ ಹೈಡ್ರೋಜನ್‌ಗೆ ಬೆಂಕಿ ತಗುಲೀತು.

ಬದಲಿಸುವುದೇ ಆದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಇದೆ. ವಾಲಿನ ಚಿಂತೆ ತೀರುತ್ತದೆ, ಕರೆಂಟಿನ ಚಿಂತೆ ಶುರುವಾಗುತ್ತದೆ. ದಿನಕ್ಕೆ 40ರಿಂದ 70 ಆಂಪಿಯರ್-ಅವರ್ (ಬ್ಯಾಟರಿಯ ಕರೆಂಟಿನ ಅಳತೆ) ತಿನ್ನುತ್ತದೆ. ಹಳೆಯದು ದಿನಕ್ಕೆ ಸುಮಾರು 700 ಗ್ರಾಂ ಗ್ಯಾಸಿನಲ್ಲಿ ಮುಗಿಸುತ್ತಿತ್ತು. ಸೋಲಾರ್ ಇಲ್ಲದವರಿಗೆ, ವಾರಗಟ್ಟಲೆ ಕಾಡಿನಲ್ಲಿ ಉಳಿಯುವವರಿಗೆ, ಹಳೆಯದೇ ವಾಸಿ.

ವ್ಯಾನಿನಲ್ಲಿ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಛಾವಣಿ ಮೇಲೆ 400 ವ್ಯಾಟ್ ಸೋಲಾರ್, 2000 ವ್ಯಾಟ್ ಇನ್ವರ್ಟರ್ ಇದೆ. ಇಂಡಕ್ಷನ್ ಒಲೆಯಲ್ಲಿ ಅನ್ನ ಸಾರು ಮಾಡಿದರೆ ಎರಡನೇ ದಿನಕ್ಕೇ ಬ್ಯಾಟರಿ ಖಾಲಿ. ಊರಿಂದ ತಂದ ಮಿಕ್ಸಿಯೂ ಓಡುತ್ತಿಲ್ಲ. (ಫ್ರೀಮಾಂಟ್)

ಬ್ಯಾಟರಿ ಕೆಟ್ಟಿಲ್ಲ, ಲೆಕ್ಕ ಕೂಡುತ್ತಿಲ್ಲ. 200 ಆಂಪಿಯರ್-ಅವರನ್ನು 12.8 ವೋಲ್ಟಿನಿಂದ ಗುಣಿಸಿದರೆ 2560 ವ್ಯಾಟ್-ಅವರ್. ದಿನದ ಖರ್ಚು ನೋಡಿ: ಫ್ರಿಜ್ಜಿಗೆ 600, ದೀಪ, ನೀರಿನ ಪಂಪ್, ಫೋನುಗಳಿಗೆ 200, ಗಾಳಿಯ ಫ್ಯಾನಿಗೆ 100, ಇಂಟರ್ನೆಟ್ ಡಿಶ್ಶಿಗೆ 180. 1500 ವ್ಯಾಟಿನ ಇಂಡಕ್ಷನ್ ದಿನಕ್ಕೆ ಒಟ್ಟು 40 ನಿಮಿಷ ಉರಿದರೆ 1000, ಇನ್ವರ್ಟರಿನಲ್ಲಿ ಸೋರಿಹೋಗುವುದು ಇನ್ನೊಂದು 120. ಒಟ್ಟು 2200. ಛಾವಣಿಗೆ ಅಂಟಿ ಮಲಗಿದ 400 ವ್ಯಾಟಿನ ಫಲಕ ಬೇಸಿಗೆಯ ಒಳ್ಳೇ ದಿನದಲ್ಲೂ ಕೊಡುವುದು ಸುಮಾರು 1400ರಿಂದ 1700. ಮೋಡ ಕವಿದರೆ ಅದರರ್ಧವೂ ಇಲ್ಲ.

ಒಲೆಯನ್ನು ಗ್ಯಾಸಿಗೆ ಬದಲಿಸಿ. ಅದೇ ಅಡುಗೆಗೆ ಹಿಡಿಯುವ ಪ್ರೊಪೇನ್ ಸುಮಾರು 160 ಗ್ರಾಂ. 9 ಕಿಲೋದ ಒಂದು ಸಿಲಿಂಡರಿನಲ್ಲಿ ಐವತ್ತು ದಿನದ ಅನ್ನ ಸಾರು ಆಗುತ್ತದೆ. ಹೊಸ ಉಪಕರಣ ಬಂತೆಂದು ಹಳೆಯದನ್ನು ಕಿತ್ತೊಗೆಯುವ ಚಟ ವ್ಯಾನ್ ಕಟ್ಟುವವರಲ್ಲಿ ಜಾಸ್ತಿ. ಶಾಖ ಬೇಕಾದ ಕೆಲಸಕ್ಕೆ ಇವತ್ತಿಗೂ ಗ್ಯಾಸನ್ನು ಮೀರಿಸುವುದು ಕಷ್ಟ. ಆದರೆ ಉರಿ ಹಚ್ಚಿದಾಗ ಛಾವಣಿಯ ಕಿಂಡಿ ಮತ್ತು ಒಂದು ಕಿಟಕಿ ತೆರೆದಿರಲಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ಒಗ್ಗರಣೆ ಹಾಕುವ ಮೊದಲೇ ಫ್ಯಾನ್ ಹಾಕಿ, ಇಲ್ಲದಿದ್ದರೆ ಸಾಸಿವೆ ಸಿಡಿಯುವ ಮೊದಲು ಹೊಗೆ ಅಲಾರಂ ಸಿಡಿಯುತ್ತದೆ.

ಇಂಡಕ್ಷನ್ ಬಿಡುವುದೇ ಇಲ್ಲ ಎನ್ನುವುದಾದರೆ ತಂತಿ ನೋಡಿಕೊಳ್ಳಿ. 1500 ವ್ಯಾಟಿಗೆ 12 ವೋಲ್ಟಿನ ಕಡೆ ಹರಿಯುವುದು 130 ಆಂಪಿಯರಿಗೂ ಹೆಚ್ಚು. ಬ್ಯಾಟರಿಯಿಂದ ಇನ್ವರ್ಟರಿಗೆ ಸುಮಾರು 67 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬೇಕು. ಸಡಿಲ ನಟ್ಟೊಂದಿದ್ದರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ.

ಲಿಥಿಯಂ ವಿಷಯದಲ್ಲಿ ಇನ್ನೆರಡು ಮಾತು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಒಳಗೆ ಲೋಹ ಪದರಗಟ್ಟಿ ಬ್ಯಾಟರಿ ಸಾಯುತ್ತದೆ. ಬಳಸಬಹುದು, ತುಂಬಬಾರದು. ಎರಡನೆಯದು, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ನೇರವಾಗಿ ತುಂಬಬೇಡಿ. ಲೆಡ್-ಆಸಿಡ್ ಬ್ಯಾಟರಿ ತುಂಬುತ್ತ ತುಂಬುತ್ತ ಕರೆಂಟು ಕಡಿಮೆ ಎಳೆಯುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಸಮನೆ ಎಳೆದು ಆಲ್ಟರ್ನೇಟರನ್ನು ಸುಡುತ್ತದೆ. ನಡುವೆ ಕರೆಂಟಿಗೆ ಮಿತಿ ಹಾಕುವ 30 ಆಂಪಿಯರಿನ ಡಿ.ಸಿ.-ಡಿ.ಸಿ. ಚಾರ್ಜರ್ ಹಾಕಿಸಿ.

ಮಿಕ್ಸಿ 230 ವೋಲ್ಟಿನದು, ನಿಮ್ಮ ಇನ್ವರ್ಟರ್ 120 ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಹೊರುವ ಬದಲು 110 ವೋಲ್ಟಿನ ಮಿಕ್ಸಿ ಕೊಳ್ಳಿ. ಹತ್ತು ನಿಮಿಷ ಚಟ್ನಿ ರುಬ್ಬಿದರೆ ನೂರು ವ್ಯಾಟ್-ಅವರೂ ಆಗದು.

ಗಾಡಿಯೊಳಗಿನ ಶೌಚಾಲಯ ತುಂಬಿದರೆ ಏನು ಗತಿ? ನಾವು ನೀರು ಬಳಸುವವರು. (ಮಂಡ್ಯ)

ಗಾಬರಿ ಬೇಡ, ನೀರು ಬಳಸುವುದು ಒಳ್ಳೆಯದೇ. ಕೆಳಗೆ ಎರಡು ಟ್ಯಾಂಕಿರುತ್ತವೆ. ಮಲಮೂತ್ರದ್ದು ಬ್ಲ್ಯಾಕ್, ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದ್ದು ಗ್ರೇ. ಹೆಚ್ಚಿನವರು ಮಾಡುವ ತಪ್ಪು ಒಂದೇ: ಕ್ಯಾಂಪ್‌ಗ್ರೌಂಡಿನ ಚರಂಡಿಗೆ ಪೈಪು ಸಿಕ್ಕಿಸಿ ಬ್ಲ್ಯಾಕ್ ವಾಲ್ವನ್ನು ತೆರೆದೇ ಬಿಡುವುದು. ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಬರುವುದಿಲ್ಲ. ವಾಲ್ವ್ ಮುಚ್ಚಿಡಿ, ಮೂರರಲ್ಲಿ ಎರಡು ಭಾಗ ತುಂಬಿದ ಮೇಲೆ ಕೈಗವಸು ಹಾಕಿ ಮೊದಲು ಬ್ಲ್ಯಾಕ್ ಬಿಡಿ, ಅದು ಖಾಲಿಯಾದ ಮೇಲೆ ಗ್ರೇ. ಸೋಪಿನ ನೀರೇ ಪೈಪು ತೊಳೆಯುತ್ತದೆ. ಮುಚ್ಚಿದ ಮೇಲೆ ಟಾಯ್ಲೆಟ್ಟಿಗೆ ಹತ್ತು ಲೀಟರ್ ನೀರು ಸುರಿಯಿರಿ.

ನಾಲ್ಕು ಜನ ತಲಾ ಐದು ಸಲ ಹೋಗಿ, ಫ್ಲಶ್ ಮತ್ತು ತೊಳೆಯುವುದು ಸೇರಿ ಎರಡು ಲೀಟರ್ ಹಿಡಿದರೆ ದಿನಕ್ಕೆ 40 ಲೀಟರ್. 113 ಲೀಟರಿನ ಟ್ಯಾಂಕಿಗೆ ಎರಡು ದಿನ. ಗೋಡೆಯ ಮೇಲಿನ ದೀಪ 'ತುಂಬಿದೆ' ಎಂದರೆ ಪೂರ್ತಿ ನಂಬಬೇಡಿ, ಒಳಗಿನ ಸೆನ್ಸರಿಗೆ ಕಾಗದ ಅಂಟಿದರೂ ಹಾಗೇ ತೋರಿಸುತ್ತದೆ.

ಮನೆಯ ಅಂಗಳದಲ್ಲಿ ಆರ್.ವಿ.ಗೆ 30 ಆಂಪಿಯರ್ ಪ್ಲಗ್ ಹಾಕಿಸಬೇಕು. ಯಾವ ಎಲೆಕ್ಟ್ರಿಷಿಯನ್ ಆದರೂ ಆದೀತೆ? (ಷಾರ್ಲಟ್)

ಆದೀತು, ಆದರೆ ಪ್ಲಗ್ ಸಿಕ್ಕಿಸುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರದ 30 ಆಂಪಿಯರ್ ಪ್ಲಗ್ 240 ವೋಲ್ಟಿನದು. ಆರ್.ವಿ.ಯದು 120. ನೋಡಲು ಹತ್ತಿರ ಹತ್ತಿರ ಇರುವುದರಿಂದ ಅನುಭವಿಗಳೂ 240 ಕೊಟ್ಟುಬಿಡುತ್ತಾರೆ, ಒಳಗಿನ ಮೈಕ್ರೋವೇವ್, ಚಾರ್ಜರ್ ಎಲ್ಲ ಒಂದೇ ಕ್ಷಣದಲ್ಲಿ ಹೊಗೆ. 30 ಆಂಪಿಯರ್ ಅಂದರೆ ಒಟ್ಟು 3600 ವ್ಯಾಟ್. ಎ.ಸಿ., ನೀರು ಕಾಯಿಸುವ ಹೀಟರ್, ಮೈಕ್ರೋವೇವ್ ಮೂರೂ ಒಟ್ಟಿಗೆ ಓಡವು.

ಫೋನಿನ ಮ್ಯಾಪ್ ಇದ್ದರೆ ಸಾಲದೆ? (ಎಡಿಸನ್)

ಕಾರಿಗೆ ಸಾಕು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿ.ಪಿ.ಎಸ್. ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿದಂದಿನಿಂದ ನೀವು ಎಲ್ಲಿದ್ದೀರಿ ಎಂಬುದು ಕರಾರುವಾಕ್ಕಾಗಿ ತಿಳಿಯುತ್ತದೆ. ಆದರೆ ನಿಮ್ಮ ಗಾಡಿ ಎಷ್ಟು ಎತ್ತರ ಎಂಬುದು ಸಾಮಾನ್ಯ ಮ್ಯಾಪಿಗೆ ಗೊತ್ತಿಲ್ಲ. ನಿಮ್ಮೂರಿಗೆ ಹತ್ತಿರದ ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇ 8 ಅಡಿಗಿಂತ ಎತ್ತರದ ಗಾಡಿಗಳಿಗೆ ನಿಷಿದ್ಧ, ಮ್ಯಾಪ್ ಮಾತ್ರ ನಗುನಗುತ್ತ ಅದೇ ದಾರಿ ತೋರಿಸುತ್ತದೆ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚಿನ ರೈಲ್ವೆ ಸೇತುವೆ ಎಷ್ಟೋ ಬಾಡಿಗೆ ಟ್ರಕ್ಕುಗಳ, ಆರ್.ವಿ.ಗಳ ತಲೆ ಹೆರೆದು ಹೆಸರುವಾಸಿಯಾಯಿತು. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಎತ್ತಿದರು. ಎ.ಸಿ. ಪೆಟ್ಟಿಗೆಯ ತುದಿವರೆಗೆ ಟೇಪು ಹಿಡಿದು ಅಳೆದು, ಅಂಕಿಯನ್ನು ಸ್ಟಿಯರಿಂಗ್ ಹತ್ತಿರ ಬರೆದು ಅಂಟಿಸಿ. ಎತ್ತರ, ತೂಕ ತುಂಬಲು ಅವಕಾಶವಿರುವ ಆರ್.ವಿ. ನ್ಯಾವಿಗೇಷನ್ ಬಳಸಿ, ಸಿಗ್ನಲ್ ಇಲ್ಲದ ಕಡೆಗೆ ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ.

ಹಳೆಯ ಟೆಂಪೋ ಟ್ರಾವೆಲರ್ ಕೊಂಡು ನಾನೇ ಹೀಗೆ ಮಾಡಿಸಬಹುದೆ? (ಹುಬ್ಬಳ್ಳಿ)

ನೀವೇ ಕೊಯ್ದು ಬೆಸುಗೆ ಹಾಕಿಸಬೇಡಿ. ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಇಂಥ ವಾಸದ ಗಾಡಿಗೆ, ಅಂದರೆ ಮೋಟಾರ್ ಕಾರವಾನಿಗೆ, ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಪ್ರಕಾರ ಮಂಜೂರಾದ ಗಾಡಿ ಕಟ್ಟುವವರ ಹತ್ತಿರ ಹೋಗಿ, ಮುಂಗಡ ಕೊಡುವ ಮೊದಲು ನಿಮ್ಮ ಆರ್.ಟಿ.ಒ.ದಲ್ಲಿ ವಿಚಾರಿಸಿ.

ಛಾವಣಿಯ ಸೋಲಾರಿಗೆ ಬಿಸಿಲು ಬೇಕು, ನಮಗೆ ನೆರಳು ಬೇಕು. ಏನು ಮಾಡೋಣ? (ಫೀನಿಕ್ಸ್)

ನೀವು ನೆರಳಲ್ಲಿರಿ, ಫಲಕ ಬಿಸಿಲಲ್ಲಿರಲಿ. 200 ವ್ಯಾಟಿನ ಮಡಚುವ ಫಲಕ ತಂದು ಹತ್ತು ಮೀಟರ್ ತಂತಿಯಲ್ಲಿ ಹೊರಗಿಡಿ. ಅದು ಸುಮಾರು 18 ವೋಲ್ಟಿನಲ್ಲಿ 11 ಆಂಪಿಯರ್ ಕೊಡುತ್ತದೆ. ತಂತಿ 4 ಚದರ ಮಿಲಿಮೀಟರಿನದಾದರೆ ದಾರಿಯಲ್ಲಿ ಸೋರುವುದು ನೂರಕ್ಕೆ ಐದು, 1.3ರ ಸಪೂರ ತಂತಿಯಾದರೆ ನೂರಕ್ಕೆ ಹದಿನಾರು. ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹದಮಾಡುವ ಚಾರ್ಜ್ ಕಂಟ್ರೋಲರ್ ಫಲಕದ ಬೆನ್ನಿಗೆ ಅಂಟಿಕೊಂಡು ಬಂದಿದ್ದರೆ ಬಿಚ್ಚಿ ಬ್ಯಾಟರಿಯ ಹತ್ತಿರ ಕೂರಿಸಿ. ಫಲಕದ ಬಳಿಯೇ ಬಿಟ್ಟರೆ ಅದು 14.4 ವೋಲ್ಟ್ ಎಂದು ಭಾವಿಸಿ ಕಳಿಸಿದ್ದು ಬ್ಯಾಟರಿ ತಲುಪುವಾಗ 13.5 ಆಗಿರುತ್ತದೆ, ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ. ಇಂಟರ್ನೆಟ್ ಡಿಶ್ಶನ್ನೂ ಅಲ್ಲೇ ಬಯಲಿಗಿಡಿ, ಮರದ ಕೊಂಬೆ ಅಡ್ಡ ಬಂದರೆ ಮಾತು ನಡುನಡುವೆ ಕಡಿಯುತ್ತದೆ. ಫಲಕದ ಕಾಲಿಗೆ ನೀರು ತುಂಬಿದ ಕ್ಯಾನ್ ಕಟ್ಟಿ. ಮಧ್ಯಾಹ್ನದ ಮರುಭೂಮಿಯ ಗಾಳಿಗೆ ಅದು ಪಟದ ಹಾಗೆ ಹಾರುತ್ತದೆ.